ಅರ್ಜಿಗೂ ಮೊದಲು ಅರ್ಹತೆ: ಉತ್ತರ ಕನ್ನಡದ ಕಾಲೇಜು ವಿದ್ಯಾರ್ಥಿಗಳಿಗೆ ಸರ್ಕಾರಿ ವಿದ್ಯಾರ್ಥಿವೇತನದ ಸಮಗ್ರ ಮಾರ್ಗದರ್ಶಿ

ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅರ್ಜಿ ತುಂಬಲು ಅರ್ಧ ಗಂಟೆ ಸಾಕು. ಹಣ ಬರುತ್ತದೋ ಇಲ್ಲವೋ ಎಂಬುದು ಮಾತ್ರ ಆ ಅರ್ಧ ಗಂಟೆಗಿಂತ ಮೊದಲೇ ತೀರ್ಮಾನವಾಗಿರುತ್ತದೆ. ಆಧಾರ್‌ನಲ್ಲಿರುವ ಹೆಸರು, ಜಾತಿ ಪ್ರಮಾಣಪತ್ರದ ಸಂಖ್ಯೆ, ಆದಾಯ ಪ್ರಮಾಣಪತ್ರದ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ: ಈ ಐದರಲ್ಲಿ ಒಂದು ತಪ್ಪಿದರೂ ಅರ್ಜಿ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ. ಹಾಗೆ ನಿಂತದ್ದು ಎಷ್ಟೋ ಮನೆಯವರಿಗೆ ತಿಳಿಯುವುದು ವರ್ಷ ಮುಗಿದ ಮೇಲೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಅರ್ಜಿಗೂ ಮುಂಚಿನ ಕೆಲಸದ ಬಗ್ಗೆಯೇ ಇದೆ. ಪಿಯುಸಿ ಫಲಿತಾಂಶ ಬಂದ ವಾರವೇ ಇದನ್ನು ಶುರುಮಾಡಿದರೆ ಮಳೆಗಾಲದಲ್ಲಿ ನಾಡಕಚೇರಿಗೆ ಓಡಾಡುವುದು ತಪ್ಪುತ್ತದೆ.

ಮೊದಲ ಹೆಜ್ಜೆ: ನಿಮ್ಮದು ಯಾವ ಇಲಾಖೆ?

ತಂತ್ರಾಂಶ ಎಲ್ಲರಿಗೂ ಒಂದೇ ಆದರೂ ಹಣ ಕೊಡುವವರು ಬೇರೆ ಬೇರೆ. ಪರಿಶಿಷ್ಟ ಜಾತಿಯವರ ಅರ್ಜಿ ಸಮಾಜ ಕಲ್ಯಾಣ ಇಲಾಖೆಗೆ ಹೋಗುತ್ತದೆ, ಪರಿಶಿಷ್ಟ ಪಂಗಡದವರದು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗೆ. ಪ್ರವರ್ಗ-1, 2ಎ, 3ಎ, 3ಬಿಯವರದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೆ. ಮುಸ್ಲಿಂ, ಕ್ರೈಸ್ತ, ಜೈನ ಮೊದಲಾದವರದು ಅಲ್ಪಸಂಖ್ಯಾತರ ನಿರ್ದೇಶನಾಲಯಕ್ಕೆ. ಇದನ್ನು ನೀವು ಆರಿಸಿಕೊಳ್ಳುವಂತಿಲ್ಲ. ನೀವು ಕೊಡುವ ಜಾತಿ ಪ್ರಮಾಣಪತ್ರದ ಸಂಖ್ಯೆಯೇ ಅರ್ಜಿಯನ್ನು ಆಯಾ ಇಲಾಖೆಗೆ ಕಳಿಸುತ್ತದೆ. ಪ್ರಮಾಣಪತ್ರದಲ್ಲಿ ಪ್ರವರ್ಗ ತಪ್ಪಿದ್ದರೆ ಅರ್ಜಿಯೂ ತಪ್ಪು ಕಚೇರಿಗೇ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಗೊಂದಲಕ್ಕೆ ದೊಡ್ಡ ಕಾರಣ ಅಡ್ಡಹೆಸರು. ಅಂಕೋಲಾ, ಕುಮಟಾ ಕಡೆಯ ‘ನಾಯಕ’ ಎಂಬ ಅಡ್ಡಹೆಸರಿಗೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ನಾಯಕ ಸಮುದಾಯಕ್ಕೂ ಸಂಬಂಧವಿಲ್ಲ. ‘ಗೌಡ’ ಎಂದಿದ್ದ ಮಾತ್ರಕ್ಕೆ ಒಕ್ಕಲಿಗ ಎಂದು ಬರೆಸಿಕೊಳ್ಳಬಾರದು. ಹಾಲಕ್ಕಿ ಒಕ್ಕಲಿಗರು ಪ್ರವರ್ಗ-1ರಲ್ಲಿದ್ದಾರೆ. ಶಾಲೆಗೆ ಸೇರಿಸುವಾಗ ಯಾರೋ ಬರೀ ‘ಒಕ್ಕಲಿಗ’ ಎಂದು ಬರೆದಿದ್ದರೆ ಪ್ರವರ್ಗವೇ ಬದಲಾಗಿ ಕಾಣುತ್ತದೆ. ಖಾರ್ವಿ, ಮೊಗವೀರ ಸಮುದಾಯಗಳೂ ಪ್ರವರ್ಗ-1ರವು, ಅಲ್ಲಿಯೂ ಉಪಜಾತಿಯ ಹೆಸರು ಪಟ್ಟಿಯಲ್ಲಿರುವಂತೆಯೇ ಇರಬೇಕು. ಶಾಲೆಯ ವರ್ಗಾವಣೆ ಪತ್ರ ಮತ್ತು ಜಾತಿ ಪ್ರಮಾಣಪತ್ರ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿ. ಬೇರೆ ಬೇರೆ ಇದ್ದರೆ ತಂದೆಯ ಶಾಲಾ ದಾಖಲೆ ಹಿಡಿದುಕೊಂಡು ತಹಶೀಲ್ದಾರ್ ಕಚೇರಿಯಲ್ಲಿ ಸರಿಪಡಿಸಿಕೊಳ್ಳಬೇಕು.

ಸಿದ್ದಿ ಸಮುದಾಯದ ವಿದ್ಯಾರ್ಥಿಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಳಿಯಾಳದ ಕಡೆ ಮುಸ್ಲಿಂ ಮತ್ತು ಕ್ರೈಸ್ತ ಸಿದ್ದಿಗಳಿದ್ದಾರೆ, ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಗಳು. ಪರಿಶಿಷ್ಟ ಪಂಗಡಕ್ಕೆ ಧರ್ಮದ ಕಟ್ಟುಪಾಡು ಇಲ್ಲ. ಕ್ರೈಸ್ತ ಸಿದ್ದಿ ಹುಡುಗಿಗೂ ಪಂಗಡದ ಪ್ರಮಾಣಪತ್ರ ಸಿಗುತ್ತದೆ, ಆ ಇಲಾಖೆಯ ವಿದ್ಯಾರ್ಥಿವೇತನವೂ ಸಿಗುತ್ತದೆ. ಧರ್ಮದ ಕಾಲಂ ನೋಡಿ ಅಲ್ಪಸಂಖ್ಯಾತರ ಯೋಜನೆಗಷ್ಟೇ ಅರ್ಜಿ ಹಾಕಿಸಿ ಕಳಿಸಿದರೆ ಒಪ್ಪಬೇಡಿ. (ಪರಿಶಿಷ್ಟ ಜಾತಿಗೆ ಹೀಗಿಲ್ಲ, ಅದು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ.)

ಸಾಮಾನ್ಯ ವರ್ಗದವರಿಗೆ ಏನೂ ಇಲ್ಲ ಎಂದುಕೊಂಡು ಶಿರಸಿ, ಸಿದ್ದಾಪುರದ ಎಷ್ಟೋ ಮನೆಗಳಲ್ಲಿ ಅರ್ಜಿಯನ್ನೇ ಹಾಕುವುದಿಲ್ಲ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನ, ಮುಂದೆ ಹೇಳುವ ರೈತ ವಿದ್ಯಾನಿಧಿ, ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನ ಇವರಿಗೂ ಅನ್ವಯಿಸುತ್ತವೆ.

ಎರಡನೆಯದು: ಆದಾಯದ ಲೆಕ್ಕ

ಪರಿಶಿಷ್ಟ ಜಾತಿ ಮತ್ತು ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ನಿಯಮದಂತೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ದಾಟುವಂತಿಲ್ಲ. ಪ್ರವರ್ಗ-1ಕ್ಕೂ ಮಿತಿ 2.5 ಲಕ್ಷ. 2ಎ, 3ಎ, 3ಬಿಯವರಿಗೆ ಯೋಜನೆಯಿಂದ ಯೋಜನೆಗೆ ಮಿತಿ ಬೇರೆ ಇರುವುದುಂಟು. ಶುಲ್ಕ ವಿನಾಯಿತಿಗೊಂದು, ಹಾಸ್ಟೆಲ್ ಸಿಗದವರ ಊಟ, ವಸತಿಗೆಂದಿರುವ ವಿದ್ಯಾಸಿರಿಗೊಂದು. ಆ ವರ್ಷದ ಅಧಿಸೂಚನೆಯ ಕೋಷ್ಟಕದಲ್ಲಿ ನಿಮ್ಮ ಪ್ರವರ್ಗದ ಸಾಲನ್ನೇ ಹುಡುಕಿ ಓದಬೇಕು. ಪಕ್ಕದ ಮನೆಯವರ ಮಿತಿ ನಿಮ್ಮದಾಗಬೇಕೆಂದಿಲ್ಲ.

ಪ್ರವರ್ಗ-1ರವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಸಿಇಟಿ ಸೀಟಿಗೆ, ನೌಕರಿಗೆ ಪ್ರವರ್ಗ-1ಕ್ಕೆ ಕೆನೆಪದರದ (ಹೆಚ್ಚು ಆದಾಯದವರನ್ನು ಹೊರಗಿಡುವ) ಮಿತಿ ಇಲ್ಲ, ಹಾಗಾಗಿ ಜಾತಿ ಪ್ರಮಾಣಪತ್ರವೊಂದೇ ಸಾಕಾಗುತ್ತದೆ. ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಪ್ರತ್ಯೇಕವಾಗಿ ಬೇಕೇ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ: ಜಾತಿಯದು ಒಂದು, ಆದಾಯದ್ದು ಇನ್ನೊಂದು, ಎರಡು ಸಂಖ್ಯೆ. 2ಎ, 3ಎ, 3ಬಿಯವರಿಗೆ ನಮೂನೆ-ಎಫ್‌ನಲ್ಲಿ ಜಾತಿ ಮತ್ತು ಆದಾಯ ಒಟ್ಟಿಗೇ ಇರುತ್ತವೆ.

ಯಾರ ಆದಾಯ ಸೇರಿಸಬೇಕು? ತಂದೆ ಅಥವಾ ತಾಯಿ ಬದುಕಿರುವವರೆಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಲೆಕ್ಕಕ್ಕೆ ಬರುವುದು ತಂದೆ ತಾಯಿಯ ಎಲ್ಲ ಮೂಲದ ಆದಾಯ ಮಾತ್ರ. ಮದುವೆಯಾದ, ದುಡಿಮೆಯಿಲ್ಲದ ವಿದ್ಯಾರ್ಥಿನಿಯಾದರೆ ಗಂಡನ ಆದಾಯ. ಅಣ್ಣ ಗೋವಾದಲ್ಲಿ ಹೋಟೆಲ್ ಕೆಲಸದಲ್ಲಿರಲಿ, ದುಬೈಯಲ್ಲಿರಲಿ, ಹಡಗಿನಲ್ಲಿರಲಿ, ಅವನ ಸಂಬಳ ಇದರಲ್ಲಿ ಸೇರುವುದಿಲ್ಲ. ಆದರೂ ಸ್ಥಳ ವಿಚಾರಣೆಗೆ ಬರುವ ಗ್ರಾಮ ಆಡಳಿತ ಅಧಿಕಾರಿ (ಹಳ್ಳಿಯವರು ಇಂದಿಗೂ ಶಾನುಭೋಗರೆನ್ನುತ್ತಾರೆ) ಮನೆ, ಬೈಕು ಎಲ್ಲ ನೋಡಿ ಇಡೀ ಕುಟುಂಬದ ಅಂದಾಜು ಬರೆದುಬಿಡುವುದುಂಟು. ಅರ್ಜಿ ಕೊಡುವಾಗಲೇ ‘ಉದ್ದೇಶ: ವಿದ್ಯಾರ್ಥಿವೇತನ’ ಎಂದು ನಮೂದಿಸಿ, ತಂದೆ ತಾಯಿಯ ಆದಾಯವನ್ನು ತೋಟ, ಕೂಲಿ, ಪಿಂಚಣಿ ಎಂದು ಬಿಡಿಬಿಡಿಯಾಗಿ ಬರೆದು ಕೊಟ್ಟರೆ ಈ ತೊಡಕು ಕಡಿಮೆ. ಇರುವ ಆದಾಯವನ್ನು ಮುಚ್ಚಿಡಬೇಡಿ. ಸುಳ್ಳು ಪ್ರಮಾಣಪತ್ರ ಎಂದು ಗೊತ್ತಾದರೆ ಕೊಟ್ಟ ಹಣವನ್ನು ಹಿಂದಕ್ಕೆ ವಸೂಲಿ ಮಾಡುತ್ತಾರೆ, ಮುಂದಿನ ವರ್ಷಗಳ ಅರ್ಹತೆಯೂ ಹೋಗುತ್ತದೆ.

ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಬೆಲೆ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಪದವಿಯ ಕೊನೆಯ ವರ್ಷದ ಹೊತ್ತಿಗೆ ಮುಗಿಯುತ್ತದೆ. ಕೊನೆಯ ದಿನಾಂಕವನ್ನು ಈಗಲೇ ನೋಡಿಟ್ಟುಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಇಲ್ಲ. ಆದರೆ ಅಣ್ಣನದೋ ಅಕ್ಕನದೋ ಎಂದು ಮನೆಯಲ್ಲಿರುವ ಹಳೆಯ ಕೈಬರಹದ ಪತ್ರ ನಡೆಯುವುದಿಲ್ಲ. ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆ ಇರುವ, ವಿದ್ಯಾರ್ಥಿಯ ಹೆಸರಿನಲ್ಲೇ ಇರುವ ಗಣಕೀಕೃತ ಪತ್ರ ಬೇಕು. ಆ ಸಂಖ್ಯೆಯನ್ನು ತಂತ್ರಾಂಶ ನೇರವಾಗಿ ನಾಡಕಚೇರಿಯ ದಾಖಲೆಯೊಂದಿಗೆ ತಾಳೆ ನೋಡುತ್ತದೆ. ಹಿಂದೆ ವಿಚಾರಣೆಯಾಗಿ ದಾಖಲೆ ಕಂಪ್ಯೂಟರಿನಲ್ಲಿದ್ದರೆ ಹೊಸ ಪ್ರತಿ ನಾಡಕಚೇರಿಯಲ್ಲಿ ಕೂಡಲೇ ಸಿಗುತ್ತದೆ, ಹೊಸದಾಗಿ ವಿಚಾರಣೆ ಆಗಬೇಕಿದ್ದರೆ ವಾರಗಳು ಹಿಡಿಯುತ್ತವೆ.

ಕೋರ್ಸು, ಸೀಟು, ಹಾಜರಾತಿ

ಒಂದೇ ಹಂತದ ಎರಡನೇ ಕೋರ್ಸಿಗೆ ವಿದ್ಯಾರ್ಥಿವೇತನ ಇಲ್ಲ. ಬಿ.ಎ. ಮುಗಿಸಿ ಮತ್ತೆ ಬಿ.ಕಾಂ. ಸೇರಿದರೆ, ಒಂದು ಸ್ನಾತಕೋತ್ತರ ಪದವಿಯ ಮೇಲೆ ಇನ್ನೊಂದು ಸೇರಿದರೆ ಸಿಗುವುದಿಲ್ಲ. ಅನುತ್ತೀರ್ಣರಾಗಿ ಅದೇ ವರ್ಷ ಮತ್ತೆ ಓದಿದರೂ ಆ ವರ್ಷಕ್ಕೆ ಸಿಗುವುದಿಲ್ಲ. ವೃತ್ತಿಪರ ಕೋರ್ಸಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಸೀಟು ಪಡೆದವರಿಗೆ ಶುಲ್ಕ ಮರುಪಾವತಿ ಇಲ್ಲ. ಸಿಇಟಿ ಮೂಲಕ ಬಂದ ಸರ್ಕಾರಿ ಸೀಟು ಬೇಕು. ಕೊನೆಯ ಸುತ್ತಿನಲ್ಲಿ ಸೀಟು ಬಿಟ್ಟು ಅದೇ ಕಾಲೇಜಿಗೆ ನೇರವಾಗಿ ಸೇರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ನಿರ್ಧರಿಸಬೇಕು. ಹಾಜರಾತಿ ಶೇ. 75 ಇರಲೇಬೇಕು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಬಸ್ಸು ನಿಂತ ದಿನಗಳ ಗೈರುಹಾಜರಿಯನ್ನು ಕಾಲೇಜಿಗೆ ಆಗಿಂದಾಗಲೇ ಬರೆದುಕೊಟ್ಟಿಡಿ, ಸೆಮಿಸ್ಟರಿನ ಕೊನೆಯಲ್ಲಿ ಹೇಳಿದರೆ ಕೇಳುವವರಿಲ್ಲ.

ಕಾರವಾರ, ಮಾಜಾಳಿ ಕಡೆಯಿಂದ ಗೋವಾದ ಕಾಲೇಜಿಗೆ ಹೋಗುವವರು ಸಾಕಷ್ಟಿದ್ದಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದ್ಯಾರ್ಥಿವೇತನ ಕೊಡಬೇಕಾದ್ದು ಅವರ ಸ್ವಂತ ರಾಜ್ಯ. ಆದ್ದರಿಂದ ಓದುವುದು ಮಡಗಾಂವಿನಲ್ಲಾದರೂ ಅರ್ಜಿ ಕರ್ನಾಟಕದಲ್ಲೇ. ಗೋವಾದಲ್ಲಿ ಕೇಳಿದರೆ ಸಿಗುವುದಿಲ್ಲ. ಅಪ್ಪ ಗೋವಾದಲ್ಲಿ ದುಡಿಯುತ್ತಾರೆಂದು ಅಲ್ಲಿನ ವಿಳಾಸಕ್ಕೆ ಪಡಿತರ ಚೀಟಿ, ಆಧಾರ್ ಬದಲಿಸಿಕೊಂಡ ಕುಟುಂಬಗಳಿಗೆ ಇಲ್ಲಿ ಆದಾಯ ಪ್ರಮಾಣಪತ್ರ ಪಡೆಯುವುದೇ ಕಷ್ಟವಾಗುತ್ತದೆ. ಮಕ್ಕಳ ಓದು ಮುಗಿಯುವವರೆಗೆ ಊರಿನ ದಾಖಲೆ ಕಳೆದುಕೊಳ್ಳದಿರುವುದೇ ಒಳ್ಳೆಯದು.

ಹೆಸರು: ಒಂದಕ್ಷರ ಹೆಚ್ಚು, ಒಂದಕ್ಷರ ಕಡಿಮೆ

ನಮ್ಮ ಜಿಲ್ಲೆಯ ಅರ್ಜಿಗಳನ್ನು ಬೇರಾವ ಸಂಗತಿಗಿಂತ ಹೆಚ್ಚು ಕಾಡುವುದು ಇದು. ‘ನಾಯ್ಕ’ ಎಂಬುದನ್ನು ಇಂಗ್ಲಿಷಿನಲ್ಲಿ ಕೆಲವರು ‘ಕೆ’ ಅಕ್ಷರಕ್ಕೆ ನಿಲ್ಲಿಸುತ್ತಾರೆ, ಕೆಲವರು ಕೊನೆಗೊಂದು ‘ಎ’ ಸೇರಿಸುತ್ತಾರೆ. ‘ಗೌಡ’ದಲ್ಲಿ ನಡುವೆ ‘ಯು’ ಬರೆದವರೂ ಇದ್ದಾರೆ, ‘ಡಬ್ಲ್ಯು’ ಬರೆದವರೂ ಇದ್ದಾರೆ. ಹೆಗಡೆ, ಭಟ್ಟ, ಹರಿಕಂತ್ರ, ಮೇಸ್ತ ಎಲ್ಲದಕ್ಕೂ ಎರಡು ಮೂರು ರೂಪ. ಅದರ ಮೇಲೆ ಅಪ್ಪನ ಹೆಸರು ಒಂದು ಕಡೆ ನಡುವೆ, ಇನ್ನೊಂದು ಕಡೆ ಕೊನೆಗೆ, ಮತ್ತೊಂದು ಕಡೆ ಬರೀ ಇನಿಷಿಯಲ್. ಮನುಷ್ಯರ ಕಣ್ಣಿಗೆ ಇವೆಲ್ಲ ಒಂದೇ ಹುಡುಗಿ, ತಂತ್ರಾಂಶಕ್ಕೆ ಮೂರು ಜನ.

ಸರಿಪಡಿಸುವ ಕ್ರಮ ಹೀಗಿರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲ ಎಂದು ಇಟ್ಟುಕೊಳ್ಳಿ, ಏಕೆಂದರೆ ಅದನ್ನು ತಿದ್ದುವುದು ಎಲ್ಲಕ್ಕಿಂತ ಕಷ್ಟ, ಮುಂದೆ ನೌಕರಿಯವರೆಗೂ ಕೇಳುವುದು ಅದನ್ನೇ. ಆಧಾರನ್ನು ಅಂಕಪಟ್ಟಿಗೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಜನ್ಮ ದಿನಾಂಕಕ್ಕೆ ಒಂದೇ. ಆದ್ದರಿಂದ ಅವಸರದಲ್ಲಿ ಹತ್ತಿರದ ಕೇಂದ್ರಕ್ಕೆ ಹೋಗಿ ‘ಸರಿಮಾಡಿ’ ಎಂದರೆ ಸಾಲದು. ಅಂಕಪಟ್ಟಿಯನ್ನು ಜತೆಗೆ ಒಯ್ದು, ಪರದೆಯ ಮೇಲೆ ಟೈಪ್ ಆದದ್ದನ್ನು ಅಕ್ಷರ ಅಕ್ಷರವಾಗಿ ಓದಿದ ಮೇಲೆಯೇ ಒಪ್ಪಿಗೆ ಕೊಡಿ. ಆಧಾರ್ ಸರಿಯಾದ ನಂತರ ಬ್ಯಾಂಕಿನಲ್ಲಿ ಕೆವೈಸಿ (ಗುರುತಿನ ದಾಖಲೆ) ಬದಲಿಸಿ, ಆಮೇಲೆ ನಾಡಕಚೇರಿಯ ಪತ್ರಗಳನ್ನು ಹೊಸ ಆಧಾರ್‌ನಂತೆ ಪಡೆಯಿರಿ. ಎಸ್‌ಎಸ್‌ಪಿ ಖಾತೆ ತೆರೆಯುವುದು ಇದೆಲ್ಲ ಆದ ಮೇಲೆ. ಈ ಕ್ರಮ ತಲೆಕೆಳಗಾದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ತಪ್ಪುತ್ತದೆ.

ಆಧಾರ್‌ನಲ್ಲೇ ಇನ್ನೆರಡು ನೋಡಿಕೊಳ್ಳಬೇಕು. ಮಕ್ಕಳಿಗೆ 15 ವರ್ಷವಾದಾಗ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಕೊಡದಿದ್ದರೆ ಆಧಾರ್ ನಿಷ್ಕ್ರಿಯವಾಗಬಹುದು, ಅದು ಬೆಳಕಿಗೆ ಬರುವುದು ಹಣ ಪಾವತಿಯ ಹೊತ್ತಿಗೆ. ಮತ್ತೆ ಮೊಬೈಲ್ ಸಂಖ್ಯೆ: ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ. ಅದು ಅಪ್ಪನ ಬಳಿ ಹಿಂದೆಂದೋ ಇದ್ದ, ಈಗ ಬಂದಾದ ಸಿಮ್ ಆಗಿರುವುದು ತೀರಾ ಸಾಮಾನ್ಯ. ವಿದ್ಯಾರ್ಥಿಯ ಸ್ವಂತ ಸಂಖ್ಯೆಯನ್ನು ಜೋಡಿಸಿ, ಓದು ಮುಗಿಯುವವರೆಗೆ ಆ ಸಿಮ್ ಬದಲಿಸಬೇಡಿ.

ಬ್ಯಾಂಕ್ ಖಾತೆ: ‘ಲಿಂಕ್ ಆಗಿದೆ’ ಎಂದರೆ ಸಾಲದು

ವಿದ್ಯಾರ್ಥಿವೇತನ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ನೋಡಿ ಬರುವುದಿಲ್ಲ. ಖಜಾನೆಯಿಂದ ಹೊರಟ ಹಣ ಆಧಾರ್ ಸಂಖ್ಯೆಯನ್ನು ಹಿಡಿದು ಎನ್‌ಪಿಸಿಐನ (ರಾಷ್ಟ್ರೀಯ ಪಾವತಿ ನಿಗಮದ) ಪಟ್ಟಿಗೆ ಹೋಗುತ್ತದೆ, ಆ ಆಧಾರ್‌ಗೆ ಯಾವ ಬ್ಯಾಂಕ್ ದಾಖಲಾಗಿದೆಯೋ ಅಲ್ಲಿಗೆ ಇಳಿಯುತ್ತದೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎನ್ನುವುದು ಅನೇಕ ಸಲ ಕೆವೈಸಿಗೆ ಆಧಾರ್ ಕೊಟ್ಟಿದ್ದೀರಿ ಎಂಬರ್ಥದಲ್ಲಿ. ನಿಮಗೆ ಬೇಕಾದದ್ದು ಡಿಬಿಟಿಗಾಗಿ, ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದಕ್ಕಾಗಿ, ಆಧಾರ್ ಸೀಡಿಂಗ್. ಅದಕ್ಕೆ ಪ್ರತ್ಯೇಕ ಒಪ್ಪಿಗೆ ಪತ್ರವಿದೆ, ಅದನ್ನೇ ಹೆಸರು ಹೇಳಿ ಕೇಳಿ, ಸಹಿ ಹಾಕಿ ಕೊಡಿ. ಕೆಲವು ದಿನ ಬಿಟ್ಟು ಮೈ ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಬ್ಯಾಂಕಿನ ಹೆಸರು ಮತ್ತು ‘ಆಕ್ಟಿವ್’ ಎಂಬ ಮಾತು ಎರಡೂ ಕಾಣಬೇಕು. ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಕೊನೆಗೆ ಸೀಡ್ ಮಾಡಿದ ಬ್ಯಾಂಕಿಗೇ ಹಣ ಹೋಗುತ್ತದೆ. ‘ಹಣ ಬಂದಿಲ್ಲ’ ಎನ್ನುವ ಎಷ್ಟೋ ದೂರುಗಳ ಮೂಲ ಇದೇ: ಹಣ ಬಂದಿರುತ್ತದೆ, ಮರೆತುಹೋದ ಇನ್ನೊಂದು ಪಾಸ್‌ಬುಕ್ಕಿಗೆ.

ಇಲ್ಲಿನ ಮನೆಗಳಲ್ಲಿ ಪಾಸ್‌ಬುಕ್ ಎಂದರೆ ಇಂದಿಗೂ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ. ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ 2020ರ ಏಪ್ರಿಲ್‌ನಲ್ಲಿ ವಿಲೀನವಾದವು. ವಿಜಯಾ ಬ್ಯಾಂಕು ಅದಕ್ಕೂ ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡಾ ಸೇರಿತು. ಹಳ್ಳಿಗಳಲ್ಲಿ ಬಹಳ ಬಳಕೆಯಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ ತಿಂಗಳಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ. ಬಾಲ್ಯದಲ್ಲಿ ತೆರೆದ ಇಂಥ ಖಾತೆ ಇದ್ದರೆ ಶಾಖೆಗೆ ಹೋಗಿ ಮೂರು ಕೆಲಸ ಮಾಡಿಸಿ: ಅಪ್ರಾಪ್ತರ ಖಾತೆಯನ್ನು ಸ್ವಂತ ಸಹಿಯ ಖಾತೆಯಾಗಿ ಬದಲಿಸುವುದು, ಹೊಸ ಪಾಸ್‌ಬುಕ್, ಹೊಸದಾಗಿ ಸೀಡಿಂಗ್.

ಸೊಸೈಟಿ ಖಾತೆಯ ಬಗ್ಗೆಯೂ ಹೇಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರ ವ್ಯವಹಾರವೆಲ್ಲ ಸೇವಾ ಸಹಕಾರಿ ಸಂಘದಲ್ಲಿ, ಮಕ್ಕಳ ಉಳಿತಾಯ ಖಾತೆಯೂ ಅಲ್ಲೇ. ವ್ಯವಹಾರ ಎಷ್ಟೇ ಚೊಕ್ಕವಾಗಿದ್ದರೂ ಸಂಘದ ಖಾತೆಗೆ ಡಿಬಿಟಿ ಹಣ ಇಳಿಯುವುದಿಲ್ಲ. ಬ್ಯಾಂಕಿನಲ್ಲೋ ಅಂಚೆ ಪಾವತಿ ಬ್ಯಾಂಕಿನಲ್ಲೋ ವಿದ್ಯಾರ್ಥಿಯ ಹೆಸರಲ್ಲಿ ಒಂದು ಖಾತೆ ಬೇಕು. ಜೋಯಿಡಾದಂಥ ಕಡೆ ಬ್ಯಾಂಕು ದೂರವಿದ್ದರೆ ಅಂಚೆ ಪಾವತಿ ಬ್ಯಾಂಕು ಅನುಕೂಲ, ಅಂಚೆಯಣ್ಣನ ಬಳಿಯೇ ಬೆರಳಚ್ಚು ಕೊಟ್ಟು ಖಾತೆ ತೆರೆಯಬಹುದು. ಆದರೆ ಪೂರ್ಣ ಕೆವೈಸಿ ಇಲ್ಲದೆ ತೆರೆದ ‘ಸಣ್ಣ ಖಾತೆ’ಗಳಲ್ಲಿ ಯಾವ ಹೊತ್ತಿಗೂ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ಎಂಜಿನಿಯರಿಂಗ್, ವೈದ್ಯಕೀಯದ ಶುಲ್ಕ ಮರುಪಾವತಿಯಂಥ ದೊಡ್ಡ ಮೊತ್ತ ಅಂಥ ಖಾತೆಗೆ ಬಂದು ಹಿಂದಿರುಗಬಹುದು. ಪೂರ್ಣ ಕೆವೈಸಿ ಮಾಡಿಸಿಬಿಡಿ.

ಅರ್ಜಿ ತುಂಬುವುದು

ಇಷ್ಟಾದ ಮೇಲೆ ಉಳಿದದ್ದು ಸುಲಭ. ಜತೆಗಿರಬೇಕಾದವು: ವಿದ್ಯಾರ್ಥಿ ಮತ್ತು ತಂದೆ ತಾಯಿಯ ಆಧಾರ್, ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆ, ಜಾತಿ ಮತ್ತು ಆದಾಯದ ಆರ್‌ಡಿ ಸಂಖ್ಯೆಗಳು, ಕಾಲೇಜಿನ ಶುಲ್ಕ ರಸೀದಿ, ಕಾಲೇಜಿನ ನೋಂದಣಿ ಸಂಖ್ಯೆ, ಅಂಗವಿಕಲರಾದರೆ ಯುಡಿಐಡಿ ಕಾರ್ಡು.

1. ಹಿಂದೆ ಪಿಯುಸಿಯಲ್ಲಿ ಅರ್ಜಿ ಹಾಕಿದ್ದರೆ ಆ ಎಸ್‌ಎಸ್‌ಪಿ ಐಡಿಯನ್ನೇ ಬಳಸಿ. ಮರೆತಿದ್ದರೆ ತಂತ್ರಾಂಶದಲ್ಲೇ ಐಡಿ ಹುಡುಕುವ ಸೌಲಭ್ಯವಿದೆ. ಎರಡನೇ ಖಾತೆ ತೆರೆಯಲು ಹೋಗಬೇಡಿ.

2. ಮೊದಲ ಸಲವಾದರೆ ಆಧಾರ್ ಒಪ್ಪಿಗೆ ಕೊಟ್ಟು, ಓಟಿಪಿ ಹಾಕಿ ಖಾತೆ ತೆರೆಯಿರಿ. ಪಾಸ್‌ವರ್ಡನ್ನು ನೀವೇ ಇಟ್ಟುಕೊಳ್ಳಿ, ಸೈಬರ್ ಅಂಗಡಿಯವರಿಗೆ ಬಿಡಬೇಡಿ. ಮುಂದಿನ ವರ್ಷ ಆ ಅಂಗಡಿ ಇರುತ್ತದೆಂಬ ಖಾತರಿ ಏನು?

3. ವೈಯಕ್ತಿಕ ವಿವರದ ಪುಟದಲ್ಲಿ ಆರ್‌ಡಿ ಸಂಖ್ಯೆ ಹಾಕಿದೊಡನೆ ಹೆಸರು, ಜಾತಿ, ಆದಾಯ ತಾವಾಗಿಯೇ ಬರಬೇಕು. ಬಂದದ್ದು ನಿಮ್ಮದೇ ಹೆಸರೇ, ಅಣ್ಣನದೇ ಎಂದು ನೋಡಿ. ಒಂದೇ ಮನೆಯ ಇಬ್ಬರ ಸಂಖ್ಯೆ ಅದಲುಬದಲಾಗುವುದು ಬಹಳ.

4. ಶೈಕ್ಷಣಿಕ ವಿವರ. ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಯುಯುಸಿಎಂಎಸ್ (ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ತಂತ್ರಾಂಶ) ನೋಂದಣಿ ಸಂಖ್ಯೆ, ಎಂಜಿನಿಯರಿಂಗ್‌ಗೆ ವಿಟಿಯು ಕೊಡುವ ಯುಎಸ್‌ಎನ್. ಕೋರ್ಸಿನ ಪಟ್ಟಿಯಲ್ಲಿ ನಿಮ್ಮ ಕೋರ್ಸು ಕಾಣದಿದ್ದರೆ ಹತ್ತಿರದ ಹೆಸರಿನದನ್ನು ಆರಿಸಬೇಡಿ. ಕಾಲೇಜು ಅಥವಾ ವಿಶ್ವವಿದ್ಯಾಲಯ ಅದನ್ನು ಇನ್ನೂ ಸೇರಿಸಿಲ್ಲ ಎಂದು ಅರ್ಥ. ಪ್ರಾಂಶುಪಾಲರ ಕಚೇರಿಗೆ ಬರೆದುಕೊಡಿ.

5. ಹಾಸ್ಟೆಲ್ ಪ್ರಶ್ನೆಗೆ ನಿಜವನ್ನೇ ಹೇಳಿ. ಮೊತ್ತ ನಿಂತಿರುವುದು ಈ ಉತ್ತರದ ಮೇಲೆ, ಇಲಾಖೆಯ ಹಾಸ್ಟೆಲ್ ಪಟ್ಟಿಯ ಜತೆ ತಾಳೆ ನೋಡುತ್ತಾರೆ.

6. ಸಲ್ಲಿಸಿದ ಮೇಲೆ ಸ್ವೀಕೃತಿ ಪತ್ರ ಮುದ್ರಿಸಿ, ಮೂಲ ದಾಖಲೆಗಳೊಂದಿಗೆ ಕಾಲೇಜಿನಲ್ಲಿ ಇದಕ್ಕೆ ನೇಮಿಸಿದ ಅಧಿಕಾರಿಗೆ ತೋರಿಸಿ. ಯಾವುದಕ್ಕೆ ಇ-ದೃಢೀಕರಣ ಕೇಳಿದೆಯೋ ಅದನ್ನು ಅವರೇ ಮಾಡಿಕೊಡಬೇಕು.

ವಿದ್ಯಾರ್ಥಿ ‘ಸಲ್ಲಿಸಿ’ ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾಲೇಜು ತನ್ನ ಲಾಗಿನ್‌ನಲ್ಲಿ ಒಪ್ಪಬೇಕು, ಆಮೇಲೆ ಇಲಾಖೆಯ ತಾಲೂಕು, ಜಿಲ್ಲಾ ಅಧಿಕಾರಿ ಮಂಜೂರು ಮಾಡಬೇಕು. ಎರಡು ವಾರಕ್ಕೊಮ್ಮೆ ಸ್ಥಿತಿ ನೋಡಿ. ಕಾಲೇಜಿನ ಮಟ್ಟದಲ್ಲೇ ನಿಂತಿದ್ದರೆ ಕಾರವಾರದ ಜಿಲ್ಲಾ ಕಚೇರಿಗೆ ಹೋಗಿ ಪ್ರಯೋಜನವಿಲ್ಲ. ಮುಂಡಗೋಡ, ಹಳಿಯಾಳದಿಂದ ಕಾರವಾರಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಮೊದಲು ಕಾಲೇಜು, ನಂತರ ತಾಲೂಕಿನ ಕಚೇರಿ. ಕೊನೆಯ ದಿನಾಂಕದ ವಾರ ಸರ್ವರ್ ಎಳೆದಾಡುತ್ತದೆ, ಘಟ್ಟದ ಮೇಲೆ ನೆಟ್‌ವರ್ಕ್ ಮೊದಲೇ ಅಷ್ಟಕ್ಕಷ್ಟೆ. ಅಷ್ಟರವರೆಗೆ ಕಾಯಬೇಡಿ. ಪ್ರತಿವರ್ಷವೂ ಹೊಸದಾಗಿ ಅರ್ಜಿ ಹಾಕಲೇಬೇಕು, ಕಳೆದ ವರ್ಷದ್ದು ತಾನಾಗಿ ಮುಂದುವರಿಯುವುದಿಲ್ಲ.

ವಿದ್ಯಾಸಿರಿ

ಇಲಾಖೆಯ ಹಾಸ್ಟೆಲ್‌ನಲ್ಲಿ ಜಾಗ ಸಿಗದವರಿಗೆ ಊಟ, ವಸತಿಗೆಂದು ಕೊಡುವ ಸಹಾಯ ಇದು. ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ 15,000 ರೂಪಾಯಿ ಎಂದು ಶುರುವಾಯಿತು. ಮನೆಯಿರುವ ಸ್ಥಳ ಕಾಲೇಜಿನಿಂದ ಕನಿಷ್ಠ 5 ಕಿ.ಮೀ. ದೂರವಿರಬೇಕು. ಜೋಯಿಡಾದಿಂದ ಬಂದು ಕಾರವಾರದಲ್ಲಿ ಕೋಣೆ ಹಿಡಿದವರು ಅರ್ಹರು, ಕಾರವಾರ ಪಟ್ಟಣದೊಳಗೇ ಮನೆಯಿರುವವರು ಅಲ್ಲ. ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ. ಅದರ ತಂತ್ರಾಂಶ ಬೇರೆ. ಹಾಸ್ಟೆಲ್ ಸೇರಿದವರಿಗೆ ವಿದ್ಯಾಸಿರಿ ಇಲ್ಲ. ನಡುವೆ ಹಾಸ್ಟೆಲ್ ಬಿಟ್ಟರೆ ಬಿಟ್ಟ ಪತ್ರ ತೆಗೆದುಕೊಂಡು ಇಟ್ಟುಕೊಳ್ಳಿ.

ರೈತ ವಿದ್ಯಾನಿಧಿ ಮತ್ತು ಅಜ್ಜನ ಹೆಸರಿನ ಪಹಣಿ

2021ರಲ್ಲಿ ಶುರುವಾದ ಈ ಯೋಜನೆಯ ಮೊತ್ತ ಹೀಗೆ ನಿಗದಿಯಾಯಿತು: ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ, ಬಿ.ಎ., ಬಿ.ಎಸ್ಸಿ., ಬಿ.ಕಾಂ.ನಂಥ ಪದವಿಗೆ 5,000 ಮತ್ತು 5,500. ಕಾನೂನು, ನರ್ಸಿಂಗ್, ಪ್ಯಾರಾಮೆಡಿಕಲ್‌ಗೆ 7,500 ಮತ್ತು 8,000. ವೈದ್ಯಕೀಯ, ಎಂಜಿನಿಯರಿಂಗ್, ಎಲ್ಲ ಸ್ನಾತಕೋತ್ತರಗಳಿಗೆ 10,000 ಮತ್ತು 11,000. ಜಾತಿಯ ಹಂಗಿಲ್ಲ. ಬೇಕಾದದ್ದು ತಂದೆ ಅಥವಾ ತಾಯಿಯ ಹೆಸರಿನಲ್ಲಿ ಜಮೀನು ಮತ್ತು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ. ಆ ಸಂಖ್ಯೆ ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ, ಪಾಸ್‌ಬುಕ್ ಕೊಟ್ಟು ಮಾಡಿಸಬಹುದು.

ತೊಡಕು ಪಹಣಿಯ 9ನೇ ಕಾಲಂನಲ್ಲಿದೆ, ಅಂದರೆ ಜಮೀನಿನ ಮಾಲೀಕರ ಹೆಸರಿರುವ ಜಾಗದಲ್ಲಿ. ಘಟ್ಟದ ಮೇಲಿನ ತೋಟವಿರಲಿ, ಕರಾವಳಿಯ ಗಜನಿ ಗದ್ದೆಯಿರಲಿ, ಅಪ್ಪ ಇಡೀ ಜೀವನ ಅಲ್ಲೇ ದುಡಿದಿದ್ದರೂ 9ನೇ ಕಾಲಂನಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇರುತ್ತದೆ. ಹಾಗಿದ್ದರೆ ಅಪ್ಪನ ಎಫ್‌ಐಡಿಗೆ ಆ ಜಮೀನು ಸೇರುವುದಿಲ್ಲ, ಮಗಳಿಗೆ ವಿದ್ಯಾನಿಧಿ ಬರುವುದಿಲ್ಲ. ಪರಿಹಾರ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು: ಅಜ್ಜನ ಮರಣ ಪ್ರಮಾಣಪತ್ರ, ವಂಶಾವಳಿ, ವಾರಸುದಾರರ ಆಧಾರ್ ಇಟ್ಟು ನಾಡಕಚೇರಿಯಲ್ಲಿ ಅರ್ಜಿ. ಇದಕ್ಕೆ ಪಾಲುಪಟ್ಟಿ ಆಗಲೇಬೇಕೆಂದಿಲ್ಲ. ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬಂದರೂ ಅಪ್ಪನ ಹೆಸರು ದಾಖಲೆಗೆ ಸೇರುತ್ತದೆ. ಮದುವೆಯಾಗಿ ಹೋದ ಅತ್ತೆಯಂದಿರ ಹೆಸರನ್ನು ವಂಶಾವಳಿಯಲ್ಲಿ ಬಿಟ್ಟು ಕೊಟ್ಟರೆ ತಕರಾರು ಬಂದು ಅರ್ಜಿ ನಿಲ್ಲುತ್ತದೆ, ಎಲ್ಲರ ಹೆಸರನ್ನೂ ಬರೆಯಿರಿ. ತಿಂಗಳುಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ ಮಕ್ಕಳು ಪಿಯುಸಿಯಲ್ಲಿರುವಾಗಲೇ ಶುರುಮಾಡಬೇಕು.

ಅರಣ್ಯ ಅತಿಕ್ರಮಣದ ಜಾಗದಲ್ಲಿ ಸಾಗುವಳಿ ಮಾಡುವವರಿಗೆ ಪಹಣಿಯೇ ಇಲ್ಲ, ಶಿರಸಿ ಕಡೆಯ ಸೊಪ್ಪಿನ ಬೆಟ್ಟದ ಹಕ್ಕಿನಿಂದಲೂ ಈ ಕೆಲಸ ಆಗುವುದಿಲ್ಲ. ಜಿಲ್ಲೆಯ ಎಷ್ಟೋ ನಿಜವಾದ ರೈತರ ಮಕ್ಕಳು ಹೀಗೆ ಹೊರಗುಳಿಯುತ್ತಾರೆ, ಇದು ನ್ಯಾಯವಲ್ಲ. ಅಂಥವರು ಕೃಷಿ ಕಾರ್ಮಿಕರ ಮಕ್ಕಳೆಂದು ಅರ್ಹತೆ ಇದೆಯೇ ನೋಡಬೇಕು. ಯೋಜನೆಯನ್ನು ನಂತರ ಮೀನುಗಾರರು, ನೇಕಾರರು, ಕೃಷಿ ಕಾರ್ಮಿಕರು, ಆಟೊ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಲಾಯಿತು. ಮೀನುಗಾರ ಕುಟುಂಬಗಳು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಅಪ್ಪನ ಅಥವಾ ಮೀನು ಮಾರುವ ಅಮ್ಮನ ನೋಂದಣಿ ಸರಿಯಾಗಿದೆಯೇ ಎಂದು ಮೊದಲು ಕೇಳಿಕೊಳ್ಳಲಿ.

ಎರಡು ಕಂತಿನ ಹಣ

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ‘ಅರ್ಧ ಹಣವಷ್ಟೇ ಬಂತು’ ಎಂದು ಗಾಬರಿಯಾಗುವುದಕ್ಕೆ ಕಾರಣವಿದೆ. 2021ರ ನಿಯಮದಂತೆ ರಾಜ್ಯ ಶೇ. 40, ಕೇಂದ್ರ ಶೇ. 60 ಕೊಡುತ್ತವೆ. ರಾಜ್ಯದ ಪಾಲು ಮೊದಲು ಬರುತ್ತದೆ, ಅದು ಪಾವತಿಯಾದ ಮೇಲೆ ಕೇಂದ್ರದ ಪಾಲು ನೇರವಾಗಿ ಖಾತೆಗೆ. ಶೈಕ್ಷಣಿಕ ಭತ್ಯೆಯ ವಾರ್ಷಿಕ ಲೆಕ್ಕ ಹೀಗಿದೆ: ವೃತ್ತಿಪರ ಪದವಿಗೆ ಹಾಸ್ಟೆಲ್‌ನಲ್ಲಿದ್ದರೆ 13,500, ಮನೆಯಿಂದ ಹೋಗುವವರಿಗೆ 7,000 ರೂಪಾಯಿ, ಡಿಪ್ಲೊಮಾದಂಥವಕ್ಕೆ 9,500 ಮತ್ತು 6,500, ಸಾಮಾನ್ಯ ಪದವಿ, ಸ್ನಾತಕೋತ್ತರಕ್ಕೆ 6,000 ಮತ್ತು 3,000, ಪಿಯುಸಿಗೆ 4,000 ಮತ್ತು 2,500. ಅಂಗವಿಕಲರಿಗೆ ಇದರ ಮೇಲೆ ಶೇ. 10.

ಅಂಕೋಲಾದಿಂದ ದಿನಾ ಬಸ್ಸಿನಲ್ಲಿ ಹೋಗಿ ಕಾರವಾರದಲ್ಲಿ ಬಿ.ಎ. ಓದುವ ಹುಡುಗಿಗೆ ಭತ್ಯೆ 3,000. ಮೊದಲು 1,200 ಬರುತ್ತದೆ, ಆಮೇಲೆ 1,800. ನಡುವೆ ತಿಂಗಳುಗಳ ಅಂತರ ಇರಬಹುದು. ಆ ಅವಧಿಯಲ್ಲಿ ಖಾತೆ ಮುಚ್ಚಿದರೆ, ಬ್ಯಾಂಕ್ ಬದಲಿಸಿ ಸೀಡಿಂಗ್ ತಪ್ಪಿಸಿಕೊಂಡರೆ ದೊಡ್ಡ ಪಾಲೇ ಹೋಗುತ್ತದೆ. ಕೊನೆಯ ವರ್ಷ ಮುಗಿಸಿ ಬೆಂಗಳೂರಿಗೋ ಗೋವಾಕ್ಕೋ ಕೆಲಸಕ್ಕೆ ಹೋದವರಿಗೆ ಹೀಗಾಗುವುದು ಹೆಚ್ಚು. ಶುಲ್ಕದ ಹಣವೂ ವಿದ್ಯಾರ್ಥಿಯ ಖಾತೆಗೇ ಬರುವುದುಂಟು. ಶುಲ್ಕ ಬಾಕಿ ಇಟ್ಟು ಕಾಲೇಜು ಸೇರಿಸಿಕೊಂಡಿದ್ದರೆ ಅದು ಕಾಲೇಜಿಗೆ ಕಟ್ಟಬೇಕಾದ ಹಣ. ಖರ್ಚು ಮಾಡಿಬಿಟ್ಟರೆ ಅಂಕಪಟ್ಟಿ ತೆಗೆದುಕೊಳ್ಳುವಾಗ ತೊಂದರೆ.

ಪಾವತಿಯ ವಿವರಕ್ಕೆ ಡಿಬಿಟಿ ಕರ್ನಾಟಕ ಆ್ಯಪ್ ಇದೆ. ಆಧಾರ್ ಓಟಿಪಿ ಹಾಕಿದರೆ ಯಾವ ಯೋಜನೆ, ಯಾವ ದಿನಾಂಕ, ಎಷ್ಟು, ಯಾವ ಬ್ಯಾಂಕು ಎಂದು ತೋರಿಸುತ್ತದೆ. ಪಾವತಿ ವಿಫಲ ಎಂದಿದ್ದರೆ ಕಾರಣವನ್ನು ಸ್ಕ್ರೀನ್‌ಶಾಟ್ ತೆಗೆದು ಬ್ಯಾಂಕಿಗೆ ಒಯ್ಯಿರಿ, ಬಾಯಿಮಾತಿಗಿಂತ ಅದು ಬೇಗ ಕೆಲಸ ಮಾಡಿಸುತ್ತದೆ.

ಬಹುತೇಕರು ಕೇಳದೇ ಬಿಡುವವು

ದ್ವಿತೀಯ ಪಿಯುಸಿಯಲ್ಲಿ ಮಂಡಳಿಯ ಮೇಲಿನ ಶೇ. 20ರೊಳಗೆ ಬಂದವರಿಗೆ, ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ, ಕೇಂದ್ರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನ ಇದೆ: ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿ. ಇದಕ್ಕೆ ಎಸ್‌ಎಸ್‌ಪಿ ಅಲ್ಲ, ರಾಷ್ಟ್ರೀಯ ವಿದ್ಯಾರ್ಥಿವೇತನ ತಂತ್ರಾಂಶ. ಮುಂದುವರಿಸಲು ಪ್ರತಿವರ್ಷ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು. ಇದನ್ನು ಪಡೆದರೆ ಇನ್ನೊಂದು ವಿದ್ಯಾರ್ಥಿವೇತನವನ್ನು ಜತೆಗೆ ಪಡೆಯುವಂತಿಲ್ಲ. ಯಾವುದರ ಮೊತ್ತ ಹೆಚ್ಚು ಎಂದು ಲೆಕ್ಕಹಾಕಿ ಆರಿಸಿ.

ಕಟ್ಟಡ ಕಾರ್ಮಿಕರ ಕಾರ್ಡು ಇರುವವರ ಮಕ್ಕಳಿಗೆ ಕಾರ್ಮಿಕ ಇಲಾಖೆಯ ಮಂಡಳಿಯ ಶೈಕ್ಷಣಿಕ ಸಹಾಯಧನವಿದೆ. ಕಾರ್ಡಿನ ನವೀಕರಣ ತಪ್ಪಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ, ಅಷ್ಟು ನೋಡಿಕೊಂಡರೆ ಸಾಕು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರೋತ್ಸಾಹಧನವೂ ಇದೆ. ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ದ್ವಿತೀಯ ಪಿಯುಸಿ ಮತ್ತು ಡಿಪ್ಲೊಮಾಕ್ಕೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯಕ್ಕೆ 35,000 ರೂಪಾಯಿ. ಇದು ಕೋರ್ಸು ಮುಗಿದ ಮೇಲೆ ಒಮ್ಮೆ ಸಿಗುವ ಹಣ, ಅರ್ಜಿಯೂ ಬೇರೆ. ಫಲಿತಾಂಶ ಬಂದು ಕಾಲೇಜು ಬಿಡುವ ಗಡಿಬಿಡಿಯಲ್ಲಿ ಇದನ್ನು ನೆನಪಿಸುವವರು ಯಾರೂ ಇರುವುದಿಲ್ಲ. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಕೈಗೆ ಬಂದ ದಿನವೇ ಅರ್ಜಿ ಹಾಕಿ, ಹಣ ಜಮಾ ಆಗುವವರೆಗೆ ಆ ಖಾತೆಯನ್ನೂ ಮೊಬೈಲ್ ಸಂಖ್ಯೆಯನ್ನೂ ಹಾಗೆಯೇ ಇಟ್ಟುಕೊಳ್ಳಿ.